ಸಿದ್ದಕ್ಕನ ಹಾಡಿನ ಕೊನೆಯ ನುಡಿ

ನಮ್ಮ ಬ್ಯಾಂಡಿನ ಸದ್ದು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಸಿಟ್ಟು ಕೇಳಿದವರ ಮೇಲಲ್ಲ. ಅದೇ ಪ್ರಶ್ನೆಗೆ ನಮ್ಮ ಗಿಟಾರಿನವ ಬಾಳಾಸಾಹೇಬ ಮುಂಬಯಿಯ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಕೊಟ್ಟ ಉತ್ತರದ ಮೇಲೆ. ಆ ಉತ್ತರವನ್ನು ಆಮೇಲೆ ಹೇಳುತ್ತೇನೆ. ಖರೇ ಉತ್ತರ ಮೊದಲು.

ನಾನು ಸಮದ. ೧೯೭೩ರಲ್ಲಿ ನನಗೆ ಇಪ್ಪತ್ತೊಂದು ವರ್ಷ. ಬೆಳಗಾವಿಯ ಶಹಾಪುರದಲ್ಲಿ ಮಾಯಪ್ಪನ ಕಾರಖಾನೆಯಲ್ಲಿ ಎರಡು ಪವರ್‌ಲೂಮ್ ನಡೆಸುತ್ತಿದ್ದೆ. ಅವುಗಳಲ್ಲಿ ಒಂದು ಬಹಳ ಹಳೆಯದು. ಅದರ ಲಾಳಿ ಎಡದಿಂದ ಬಲಕ್ಕೆ ಸರಿಯಾಗಿ ಹಾರುತ್ತಿತ್ತು, ಮರಳುವಾಗ ಮಾತ್ರ ಒಂದು ಗುಟುಕು ನೀರು ಕುಡಿದು ಬಂದಂತೆ ತಡಮಾಡುತ್ತಿತ್ತು. ದಿನಕ್ಕೆ ಹತ್ತು ತಾಸು ಅದರ ಬಾಜು ನಿಂತು ನಿಂತು ಆ ಕುಂಟು ಲಯ ನನ್ನ ಎದೆಯೊಳಗೆ ಕೂತುಬಿಟ್ಟಿತು. ಊಟಕ್ಕೆ ಕೂತರೂ ನನ್ನ ಬೆರಳು ತಾಟಿನ ಅಂಚಿಗೆ ಅದನ್ನೇ ಬಾರಿಸುತ್ತಿದ್ದವು. ಅಮ್ಮಿ ಬೈಯುತ್ತಿದ್ದಳು.

ನನ್ನ ದೊಡ್ಡಪ್ಪನ ಮಗ ಶಬ್ಬೀರ ಖಡೇಬಜಾರದ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಉರುಸು ಬಂತೆಂದರೆ ದರ್ಗಾದಲ್ಲಿ ಕವ್ವಾಲಿಗೆ ಹಾರ್ಮೋನಿಯಂ ಬಾರಿಸುವವನೂ ಅವನೇ. ಆ ಅಂಗಡಿಗೆ ಒಂದು ದಿನ ಸುಟ್ಟುಹೋದ ಆಂಪ್ಲಿಫೈಯರ್ ಹೊತ್ತುಕೊಂಡು ಬಾಳಾಸಾಹೇಬ ಬಂದ. ತಿಲಕವಾಡಿಯ ಕಟ್ಟಿಗೆ ವ್ಯಾಪಾರಿ ದುಂಡಪ್ಪ ಸಾವಕಾರರ ಒಬ್ಬನೇ ಮಗ. ಭುಜದ ತನಕ ಕೂದಲು, ಮುಂಬಯಿಯಿಂದ ತರಿಸಿದ ಇಲೆಕ್ಟ್ರಿಕ್ ಗಿಟಾರು, ಮನೆಯ ತುಂಬ ಇಂಗ್ಲಿಷ್ ರೆಕಾರ್ಡು. ಆಂಪ್ಲಿಫೈಯರ್ ರಿಪೇರಿಯಾಗುವಷ್ಟರಲ್ಲಿ ಇಬ್ಬರಿಗೂ ದೋಸ್ತಿಯಾಯಿತು, ಬಾಳಾಸಾಹೇಬ ಬರೀ ಬಾಳು ಆದ. ಡ್ರಮ್ ಬಾರಿಸುವವರು ಬೇಕು ಎಂದಾಗ ಶಬ್ಬೀರ ನನ್ನನ್ನು ಕರೆದೊಯ್ದ.

ರೈಲಿನ ಮೂರನೇ ಗೇಟಿನ ಹತ್ತಿರ ಸಾವಕಾರರದೊಂದು ಖಾಲಿ ಗೋದಾಮು ಇತ್ತು. ಅಲ್ಲೇ ನಮ್ಮ ತಾಲೀಮು. ಬ್ಯಾಂಡಿಗೆ 'ಥರ್ಡ್ ಗೇಟ್' ಎಂದು ಹೆಸರಿಟ್ಟದ್ದು ಅದಕ್ಕೇ, ಬೇರೆ ಯಾವ ಗುಟ್ಟೂ ಇರಲಿಲ್ಲ. ಮೊದಮೊದಲು ಬಾಳು ತನ್ನ ರೆಕಾರ್ಡುಗಳನ್ನು ಹಚ್ಚಿ, ಹಿಂಗೇ ಬಾರಿಸಿರಿ ಅನ್ನುತ್ತಿದ್ದ. ನಮ್ಮಿಂದ ಆಗುತ್ತಿರಲಿಲ್ಲ. ನನ್ನ ಕೈ ಮಗ್ಗದ ಕಡೆಗೆ ಹೊರಳುತ್ತಿತ್ತು. ಶಬ್ಬೀರನ ಆರ್ಗನ್ನು ಎರಡು ನಿಮಿಷ ಇಂಗ್ಲಿಷ್ ಬಾರಿಸಿ ಮೂರನೆಯ ನಿಮಿಷಕ್ಕೆ ದರ್ಗಾದ ಅಂಗಳಕ್ಕೆ ಇಳಿಯುತ್ತಿತ್ತು. ಕ್ಯಾಂಪಿನ ಕಡೆಯಿಂದ ಗಾಳಿ ಬೀಸಿದರೆ ಮಿಲಿಟರಿ ಬ್ಯಾಂಡಿನ ಕಹಳೆಯೂ ಒಳಗೆ ಬರುತ್ತಿತ್ತು, ಬಾಳು ಅದನ್ನು ಗಿಟಾರಿನಲ್ಲಿ ಹಿಡಿಯುತ್ತಿದ್ದ. ಆರು ತಿಂಗಳಲ್ಲಿ ಅದೆಲ್ಲ ಕಲೆತು ಏನೋ ಒಂದಾಯಿತು. ಕಾಲೇಜಿನ ಹುಡುಗರು ಕಣ್ಣುಮುಚ್ಚಿ ತಲೆ ಆಡಿಸಿದರು. ಸೈಕೆಡೆಲಿಕ್ ಅಂದರು. ಆ ಶಬ್ದವನ್ನು ನಾನು ಕೇಳಿದ್ದೇ ಆಗ.

ಆದರೂ ಬಾಳುವಿಗೆ ಸಮಾಧಾನವಿರಲಿಲ್ಲ. ಗಿಟಾರಿನ ತಂತಿಯನ್ನು ಜಗ್ಗಿ ಜಗ್ಗಿ, ಒಂದು ಅಳುವಂಥ ಸ್ವರಕ್ಕಾಗಿ ಒದ್ದಾಡುತ್ತಿದ್ದ. ಅದು ಸಿಕ್ಕದ್ದು ಪ್ಯಾಸೆಂಜರ್ ಗಾಡಿಯಲ್ಲಿ.

೧೯೭೪ರ ಚಳಿಗಾಲ. ಖಾನಾಪುರದಲ್ಲಿದ್ದ ಸಾವಕಾರರ ಕಟ್ಟಿಗೆ ಡಿಪೋಕ್ಕೆ ಏನೋ ಕೆಲಸದ ಮೇಲೆ ಬಾಳು ಹೊರಟಿದ್ದ, ನಾವಿಬ್ಬರೂ ಸುಮ್ಮನೆ ಜೊತೆಗೆ. ಬೆಳಗಿನ ಗಾಡಿ ದೇಸೂರಿನಲ್ಲಿ ನಿಂತಾಗ ಒಬ್ಬ ಹೆಂಗಸು ಹತ್ತಿದಳು. ನಲವತ್ತರ ಆಸುಪಾಸು, ಹಣೆಯ ತುಂಬ ಭಂಡಾರ, ಕೊರಳಲ್ಲಿ ಕವಡೆ ಸರ, ಕಂಕುಳಲ್ಲಿ ಚೌಡಕಿ. ಎಲ್ಲಮ್ಮನ ಜೋಗತಿ. ಚೌಡಕಿ ಅಂದರೆ ಡಬ್ಬಿಯಂಥ ಒಂದು ವಾದ್ಯ. ಅದಕ್ಕೆ ಒಂದೇ ತಂತಿ. ಒಂದು ಕೈಯಿಂದ ತಂತಿಯನ್ನು ಬಿಗಿ ಮಾಡುತ್ತ ಸಡಿಲಿಸುತ್ತ ಇನ್ನೊಂದು ಕೈಯಿಂದ ಮೀಟುತ್ತಾರೆ. ಆಕೆ ಬಾಗಿಲ ಬಳಿ ಕೂತು ಮೀಟಿದಳು. ತಂತಿ ಜಿಗಿಯಿತು, ಜಾರಿತು, ಗೋಗರೆಯಿತು. ಆಮೇಲೆ ದನಿ ಎತ್ತಿದಳು:

ಕಾಲಾಗ ಮುಳ್ಳಿಲ್ಲ ಕಣ್ಣಾಗ ನೀರಿಲ್ಲ
ನಡದೇನ ನಡದೇನ ಉರಿಬಿಸಲಾಗ

ಬಾಳು ನನ್ನ ರಟ್ಟೆ ಗಟ್ಟಿಯಾಗಿ ಹಿಡಿದ. "ಎರಡ ವರ್ಷ ನಾ ಹುಡುಕಿದ್ದು ಇದನ್ನಲೇ ಸಮದ," ಅಂದ.

ನಾನು ಕೇಳುತ್ತಿದ್ದದ್ದು ಬೇರೆ. ಆಕೆಯ ಹಾಡಿನ ನಡಿಗೆ ನನ್ನ ಮಗ್ಗದ ಹಾಗೆಯೇ ಒಂದು ಕಡೆ ತಡೆದು ಮುಂದೆ ಹೋಗುತ್ತಿತ್ತು. ನಾನು ಸೀಟಿನ ಹಲಗೆಯ ಮೇಲೆ ಬೆರಳಿಂದ ಬಾರಿಸತೊಡಗಿದೆ. ಆಕೆ ಹಾಡು ನಿಲ್ಲಿಸದೆ ನನ್ನ ಕೈ ನೋಡಿದಳು. ಹಾಡು ಮುಗಿದ ಮೇಲೆ ಕೇಳಿದಳು:

"ಯಾವೂರಪಾ ತಮ್ಮಾ? ಕೈ ಹದಕ್ಕ ಬಿದ್ದೈತಿ."

"ಶಹಾಪುರ ರೀ ಯವ್ವಾ. ಮಗ್ಗ ನಡಸ್ತೀನಿ."

"ಹಾಂ, ಅದಕ್ಕ," ಅಂದು ನಕ್ಕಳು.

ಆಕೆಯ ಹೆಸರು ಭೀಮಕ್ಕ. ಖಾನಾಪುರದಲ್ಲಿ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಒಂದು ಕೋಣೆಯ ಮನೆ. ಮುಂದಿನ ವರ್ಷಪೂರ್ತಿ ಸೂಟಿಯ ದಿನವೆಲ್ಲ ನಾನು ಅಲ್ಲಿಗೆ ಹೋದೆ. ಬಾಳು ಕೆಲವೊಮ್ಮೆ ಬರುತ್ತಿದ್ದ, ಕ್ಯಾಸೆಟ್ ರೆಕಾರ್ಡರ್ ಹಿಡಿದು. ಭೀಮಕ್ಕ ಕಡಕ್ ಹೆಂಗಸು. ತಪ್ಪಿದರೆ ಚೌಡಕಿಯ ಕಟ್ಟಿಗೆಯಿಂದ ನನ್ನ ಮೊಣಕಾಲಿಗೆ ಬಡಿಯುತ್ತಿದ್ದಳು. ಆ ಹಾಡು ಅವಳದಲ್ಲ, ಅವಳ ಅಕ್ಕ ಸಿದ್ದಕ್ಕ ಕಟ್ಟಿದ್ದು. ಒಂಬತ್ತನೆಯ ವಯಸ್ಸಿಗೆ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗತಿಯಾದವಳು, ಮೂವತ್ತಕ್ಕೆ ಸತ್ತವಳು. ಅಕ್ಷರ ಬರುತ್ತಿರಲಿಲ್ಲ. ನಲವತ್ತು ಹಾಡು ಕಟ್ಟಿ ಎಲ್ಲವನ್ನೂ ತಂಗಿಯ ಬಾಯಿಗೆ ಹಾಕಿ ಹೋಗಿದ್ದಳು.

ಬಾಳು ಮೊದಲ ಸಲ ರೆಕಾರ್ಡರ್ ಹೊರತೆಗೆದ ದಿನವೇ ಭೀಮಕ್ಕ ಅದರ ಮೇಲೆ ಅಂಗೈ ಇಟ್ಟಳು.

"ಹಾಡ್ಕೋರಿ, ಬಾರಿಸ್ಕೋರಿ, ಬೇಕಾದ್ದ ಮಾಡ್ರಿ. ಆದ್ರ ಕಡೀ ನುಡಿ ಬಿಡಬಾರ್ದು. ಅದರಾಗ ನಮ್ಮಕ್ಕನ ಹೆಸರೈತಿ. ಆಕೀಗೆ ಗುಡಿ ಇಲ್ಲ, ಗೋರಿ ಇಲ್ಲ, ಮಕ್ಕಳಿಲ್ಲ. ಇದೊಂದ ಐತಿ."

"ಬಿಡೂದಿಲ್ಲ ರೀ," ಅಂದ ಬಾಳು. ನಾನೂ ಅಂದೆ. ಆಕೆ ಕೈ ತೆಗೆದು ಆ ಕೊನೆಯ ನುಡಿಯನ್ನೇ ಮೊದಲು ಹಾಡಿದಳು:

ಖಾನಾಪುರದ ಸಿದ್ದಿ ಕಟ್ಯಾಳ ಈ ಮಾತ
ಕೇಳಿದವರು ಹೇಳಿರಿ ಯಾರದಂತ

೧೯೭೫ರ ಕೊನೆಗೆ ಮುಂಬಯಿಯ ಒಂದು ಸಣ್ಣ ಕಂಪನಿ ನಮ್ಮ ರೆಕಾರ್ಡು ಮಾಡಲು ಒಪ್ಪಿತು. ಒಂದು ಬದಿಯ ತುಂಬ ಈ ಒಂದೇ ಹಾಡು. ಕ್ಯಾಸೆಟ್ಟಿನಲ್ಲಿದ್ದ ಭೀಮಕ್ಕನ ದನಿಯಿಂದ ಶುರು, ಮೇಲೆ ಗಿಟಾರು, ಆರ್ಗನ್ನು, ನಡುವೆ ನನ್ನದೊಬ್ಬನದೇ ನಾಲ್ಕು ನಿಮಿಷದ ಡ್ರಮ್, ಕೊನೆಗೆ ಮತ್ತೆ ಭೀಮಕ್ಕನ ದನಿಯಲ್ಲಿ ಆ ಕಡೇ ನುಡಿ, ತಿರುಗಿ ತಿರುಗಿ ಮೂರು ನಿಮಿಷ. ಎರಡು ದಿನ ಕೂತು ಮುಗಿಸಿದೆವು. ರೆಕಾರ್ಡಿಂಗ್ ಮಾಡುವವ ಗಡಿಯಾರ ನೋಡಿ, ಒಂದು ಬದಿಗೆ ಇಷ್ಟು ಹಿಡಿಸುವುದಿಲ್ಲ, ಮೂರು ನಿಮಿಷ ತೆಗೆಯಬೇಕು ಅಂದ. ಡ್ರಮ್ ತೆಗೆಯಲೋ, ಕೊನೆಯ ಹೆಂಗಸಿನ ದನಿ ತೆಗೆಯಲೋ?

ಬಾಳು ನನ್ನ ಮುಖ ನೋಡಿದ. ಶಬ್ಬೀರ ಚಹಾ ಕುಡಿಯಲು ಹೊರಗೆ ಹೋಗಿದ್ದ. ನನ್ನ ಅಂಗಿ ಬೆವರಿನಿಂದ ತೊಯ್ದಿತ್ತು, ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಹುಟ್ಟಿದಾಗಿನಿಂದ ನಾನು ಅಷ್ಟು ಚಲೋ ಬಾರಿಸಿದ್ದಿಲ್ಲ. ಡ್ರಮ್ ತೆಗೆಯಿರಿ ಅನ್ನಲು ನನಗೆ ಬಾಯಿ ಬರಲಿಲ್ಲ. ನೆಲ ನೋಡುತ್ತ ನಿಂತೆ. ಬಾಳು ಅಂದ, "ಹೆಂಗಸಿನ ದನಿ ತೆಗೀರಿ."

ಸಿದ್ದಕ್ಕನ ಹೆಸರು ರೆಕಾರ್ಡಿನ ಹೊದಿಕೆಯ ಮೇಲೆ ಅಚ್ಚಾಗುತ್ತದಲ್ಲ, ಅಷ್ಟು ಸಾಕು ಎಂದು ನನಗೆ ನಾನೇ ಹೇಳಿಕೊಂಡೆ.

ಮಾರ್ಚಿನಲ್ಲಿ ರೆಕಾರ್ಡು ಬಂತು. ಗೋದಾಮಿನಲ್ಲಿ ಮೂವರೂ ಕೂಡಿ ಪೆಟ್ಟಿಗೆ ಒಡೆದೆವು, ನಾನು ಹೊದಿಕೆ ತಿರುಗಿಸಿದೆ. ಇಂಗ್ಲಿಷ್ ನನಗೆ ಓದಲು ಬರುತ್ತಿತ್ತು. ಪದ, ಸಂಗೀತ: ಬಾಳಾಸಾಹೇಬ. ಶಬ್ಬೀರ ಆರ್ಗನ್, ಸಮದ ಡ್ರಮ್. ಭೀಮಕ್ಕನ ದನಿಗೆ 'ಧ್ವನಿ ಪರಿಣಾಮ' ಎಂದು ಹಾಕಿದ್ದರು, ಮಳೆಯ ಸದ್ದಿಗೋ ಕುದುರೆಯ ಗೊರಸಿಗೋ ಹಾಕುವಂತೆ. ಪೆಟ್ಟಿಗೆಯಲ್ಲೇ ನಾನು ಮೊದಲು ಹೇಳಿದ ಆ ಇಂಗ್ಲಿಷ್ ಪತ್ರಿಕೆಯೂ ಇತ್ತು. ಈ ವಿಚಿತ್ರ ಸದ್ದು ಎಲ್ಲಿಂದ ಬಂತು ಎಂದು ಅದರಲ್ಲಿ ಬಾಳುವನ್ನು ಕೇಳಿದ್ದರು. ಲಂಡನ್ನಿನ ರೆಕಾರ್ಡುಗಳಿಂದ ಕಲಿತೆ ಎಂದಿದ್ದ. ಒಮ್ಮೆ ಮೂರು ದಿನ ಜೋರು ಜ್ವರ ಬಂದಾಗ ಆ ರಾಗ ತಾನಾಗಿಯೇ ಕಿವಿಯಲ್ಲಿ ಕೇಳಿಸಿತಂತೆ. ಥರ್ಡ್ ಗೇಟ್ ಅಂದರೆ ಮನಸ್ಸಿನ ಮೂರನೆಯ ಬಾಗಿಲಂತೆ.

ನಾನು ಪತ್ರಿಕೆಯನ್ನು ಅವನ ಎದೆಗೆ ಒಗೆದೆ.

"ಯಾವ ಜ್ವರಲೇ ಬಾಳ್ಯಾ? ದೇಸೂರ ಸ್ಟೇಶನ್ನಿನಾಗ ಹತ್ತಿತ್ತೇನ ನಿನ್ನ ಜ್ವರ?"

"ಕೂಗಬ್ಯಾಡ. ಪೇಪರಿನವ್ರಿಗೆ ಏನರ ಹೇಳಬೇಕಾಗ್ತೈತಿ."

"ಭೀಮಕ್ಕನ ಹೆಸರ ಎಲ್ಲಿ? ಸಿದ್ದಕ್ಕನ ಹೆಸರ ಎಲ್ಲಿ?"

"ಜನಪದ ಹಾಡಿಗೆ ಮಾಲಕರು ಯಾರಿರ್ತಾರೋ? ಎಲ್ಲಾರ ಹಾಡದು. ಹಂಗ ನೋಡಿದ್ರ ನಿನ್ನ ತಾಳ ಮಾಯಪ್ಪನ ಮಗ್ಗದ್ದು. ಅವನ ಹೆಸರೂ ಹಾಕಬೇಕಿತ್ತೇನ? ಶಬ್ಬೀರನ ಬಾಜಾ ದರ್ಗಾದ್ದು. ಪೀರನ ಹೆಸರ ಹಾಕೂಣೇನು?"

ಅವನ ಮಾತಿನಲ್ಲಿ ಸುಳ್ಳೂ ಇರಲಿಲ್ಲ, ಅದೇ ಇನ್ನಷ್ಟು ಸಿಟ್ಟು ತರಿಸಿತು. ನಾನು ಅಂದೆ, "ಮಗ್ಗ ನನ್ನ ಹೆಸರ ಹಾಕ ಅಂತ ಕೇಳಿಲ್ಲ. ಆಕಿ ಕೇಳಿದ್ಳು. ನೀ ಹೂಂ ಅಂದಿ."

"ಸ್ಟುಡಿಯೋದಾಗ ನೀನೂ ಸುಮ್ಮನ ನಿಂತಿದ್ದಿ, ನೆನಪೈತೇನ?" ಅಂದ ಬಾಳು.

ಶಬ್ಬೀರ ನನ್ನತ್ತ ತಿರುಗಿದ. ಅವನಿಗೆ ಅದು ಗೊತ್ತಿರಲಿಲ್ಲ. ನಾನು ಒಂದು ರೆಕಾರ್ಡು ಕಂಕುಳಲ್ಲಿ ಹಿಡಿದು ಹೊರಗೆ ಬಂದೆ.

ಮರುದಿನ ಕೆಲಸಕ್ಕೆ ಚಕ್ಕರ್ ಹೊಡೆದು ಖಾನಾಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಭರಮಪ್ಪನ ಚಹಾದಂಗಡಿಯಲ್ಲಿ ರೆಕಾರ್ಡ್ ಪ್ಲೇಯರ್ ಇತ್ತು, ಸಂತೆಗೆ ಬಂದವರಿಗೆ ಸಿನೆಮಾ ಹಾಡು ಹಚ್ಚುತ್ತಿದ್ದ. ಭೀಮಕ್ಕನನ್ನು ಅಲ್ಲಿಗೇ ಕರೆತಂದೆ. ಹೊಸ ಸೀರೆ ಉಟ್ಟು ಬಂದಿದ್ದಳು. ಭರಮಪ್ಪ ಮುಳ್ಳು ಇಟ್ಟ. ಗಿರಾಕಿಗಳು ಕಪ್ಪು ಬಸಿ ಕೆಳಗಿಟ್ಟು ಕೇಳಿದರು. ತನ್ನ ದನಿ ಬಂದಾಗ ಭೀಮಕ್ಕ ಕುರ್ಚಿಯ ಕೈ ಹಿಡಿದುಕೊಂಡಳು. ನನ್ನ ಡ್ರಮ್ ಬಂದಾಗ ತಲೆ ತೂಗಿದಳು, ಮೊಣಕಾಲ ಮೇಲೆ ತಾಳ ಹಾಕಿದಳು. ಅದು ಮುಗಿಯಿತು. ಗಿಟಾರು ಒಂದು ಸುತ್ತು ಕೂಗಿ ನಿಂತಿತು. ಮುಳ್ಳು ಬರೀ ಗೀರು ಗೀರುತ್ತ ತಿರುಗಿತು.

ಆಕೆ ಕಾಯುತ್ತಲೇ ಇದ್ದಳು.

"ಮುಂದ?" ಅಂದಳು.

"ಮುಂದ ಇಲ್ಲ ರೀ ಯವ್ವಾ. ಜಾಗಾ ಸಾಲಲಿಲ್ಲ ಅಂತ ತಗದ್ರು."

"ತಗದ್ರು? ಯಾರು ತಗದ್ರು?"

"ಬಾಳಾಸಾಹೇಬ."

"ನೀ ಎಲ್ಲಿದ್ದಿ ಆವಾಗ?"

ಆಕೆಯ ಮುಂದೆ ಸುಳ್ಳು ಹೇಳಲು ಆಗಲಿಲ್ಲ. "ಅಲ್ಲೇ ಇದ್ದೆ. ನನ್ನ ಡ್ರಮ್ ಇಲ್ಲಾ ಅಕ್ಕನ ನುಡಿ, ಎರಡರಾಗ ಒಂದು ತಗೀಬೇಕಂದ್ರು. ನಾ ಸುಮ್ಮನ ನಿಂತೆ."

ಭೀಮಕ್ಕ ಎದ್ದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚಲೋ ಇತ್ತು.

"ನಾಲ್ಕ ನಿಮಿಷ ದಬದಬ ಬಡದೀ. ನಮ್ಮಕ್ಕಂದು ಎರಡ ಸಾಲು. ಎರಡ ಸಾಲು ಭಾರಾದುವೇನೋ ನಿನಗ?" ಅವಳ ದನಿ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು. "ನನ್ನ ಮನ್ಯಾಗ ಉಂಡೀ. ಮಗನಂಗ ಕುಂದರಿಸಿ ಕಲಿಸೀನಿ. ಅವಾ ದೊಡ್ಡವರ ಮಗ, ಅವಂದು ನನಗ ಗೊತ್ತಿತ್ತು. ನಿನ್ನ ನಂಬಿದ್ದೆ!"

ಅಂಗಡಿಯ ಜನ ನನ್ನನ್ನೇ ನೋಡುತ್ತಿದ್ದರು. ನಾನು ಅಳಲಿಲ್ಲ, ಅಳುವ ಹಕ್ಕು ನನಗಿರಲಿಲ್ಲ. ಭೀಮಕ್ಕ ಉಸಿರು ತೆಗೆದುಕೊಂಡು ಕೇಳಿದಳು, "ಅವನ ಮನಿ ಎಲ್ಲೈತಿ?"

ಮಧ್ಯಾಹ್ನದ ಬಸ್ಸಿಗೆ ಬೆಳಗಾವಿಗೆ ಬಂದೆವು. ದಾರಿಯುದ್ದಕ್ಕೂ ಆಕೆ ಮಡಿಲಲ್ಲಿದ್ದ ಚೌಡಕಿಯ ತಂತಿ ಬಿಗಿ ಮಾಡುತ್ತ ಕೂತಿದ್ದಳು. ತಿಲಕವಾಡಿಯ ಆ ದೊಡ್ಡ ಮನೆಯ ಗೇಟು ತೆಗೆದು ಅಂಗಳದ ನಡುವೆ ನಿಂತು ಚೌಡಕಿ ಮೀಟಿದಳು. ಬಿಸಿಲು ಸುಡುತ್ತಿತ್ತು. ಮಹಡಿಯ ಕಿಟಕಿಯಲ್ಲಿ ಬಾಳುವಿನ ಮುಖ ಕಂಡಿತು. ಕೂಡಲೇ ಕಿಟಕಿ ಮುಚ್ಚಿತು. ಆಮೇಲೆ ಒಳಗಿನಿಂದ ಆಂಪ್ಲಿಫೈಯರಿನ ಗುಂಯ್‌ಗುಡುವಿಕೆ, ಅದರ ಹಿಂದೆಯೇ ಗಿಟಾರು. ಆಕೆಯ ಹಾಡು ಮುಳುಗಲಿ ಎಂದು ಅವನು ಬಾರಿಸುತ್ತಿದ್ದ. ಬಾರಿಸುತ್ತಿದ್ದದ್ದು ಆಕೆ ಕಲಿಸಿದ ರಾಗವನ್ನೇ.

ಭೀಮಕ್ಕ ದನಿ ಏರಿಸಿದಳು. ಮೇಲೆ ಅವನೂ ಏರಿಸಿದ. ನೆರೆಯವರು ಕಂಪೌಂಡಿನ ಗೋಡೆಗೆ ಬಂದು ನಿಂತರು. ಅಷ್ಟರಲ್ಲಿ ಬಾಳುವಿನ ತಾಯಿ ಬಸವಣ್ಣೆವ್ವ ತಲೆಯ ಮೇಲೆ ಸೆರಗು ಹೊದ್ದು ಮೊರದ ತುಂಬ ಜೋಳ ತಂದಳು. ಜೋಗತಿ ಬಂದರೆ ಯಾವ ಮನೆಯಲ್ಲೂ ಹಾಗೆಯೇ ಮಾಡುತ್ತಾರೆ. ಭೀಮಕ್ಕ ಹಾಡು ನಿಲ್ಲಿಸಿದಳು.

"ಜೋಳ ಒಳಗ ಇಡ್ರಿ ತಾಯಿ. ನಾ ಇವತ್ತ ಬೇಡಾಕ ಬಂದಿಲ್ಲ. ನಿಮ್ಮ ಮಗಾ ನಮ್ಮಕ್ಕನ ಹಾಡ ತಗೊಂಡು ಆಕೀ ಹೆಸರ ಕಿತ್ತ ಒಗದಾನ. ಆ ಹೆಸರ ಕೇಳಾಕ ಬಂದೀನಿ."

ಬಸವಣ್ಣೆವ್ವನಿಗೆ ಅರ್ಥವಾಗಲಿಲ್ಲ. ನಾನು ಎಲ್ಲ ಬಿಡಿಸಿ ಹೇಳಿದೆ, ನನ್ನ ಪಾಲನ್ನೂ ಸೇರಿಸಿ. ಆಕೆ ಮೊರವನ್ನು ಕಟ್ಟೆಯ ಮೇಲಿಟ್ಟು ಮೇಲೆ ಹೋದಳು. ಗಿಟಾರು ನಿಂತಿತು. ಮೇಲೆ ಜೋರಾದ ಮಾತು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಆಕೆ ಒಬ್ಬಳೇ ಇಳಿದು ಬಂದಳು, ಮುಖ ಕೆಂಪಾಗಿತ್ತು.

"ಕೆಳಗ ಬರೂದಿಲ್ಲಂತ. ಕದಾ ಹಾಕ್ಕೊಂಡ," ಅಂದಳು. "ಯವ್ವಾ, ನಾ ದಿನಾ ಮುಂಜಾನೆ ಪೂಜಿಗೆ ಕುಂತಾಗ ವಚನ ಹೇಳ್ತೀನಿ. ಅಂಕಿತ ಬಿಟ್ಟು ಯಾವತ್ತೂ ಹೇಳಿಲ್ಲ. ಅಂಕಿತ ಬಿಟ್ರ ಅದೇನ ವಚನಾನ? ಅದು ನನ್ನ ಹೊಟ್ಟ್ಯಾಗ ಹುಟ್ಟಿದವಗ ತಿಳೀಲಿಲ್ಲಲಾ. ನೀ ಹಾಡು. ನಾ ಪೂರಾ ಕೇಳ್ತೀನಿ."

ಭೀಮಕ್ಕ ಮೊದಲಿಂದ ಹಾಡಿದಳು. ಆ ಮನೆಯೊಡತಿ ಬಿಸಿಲಲ್ಲಿ ನಿಂತು ಕಡೇ ನುಡಿಯ ತನಕ ಕೇಳಿದಳು. ಆದರೆ ರೆಕಾರ್ಡಿನ ಮೇಲಿನ ಒಂದು ಅಕ್ಷರವೂ ಬದಲಾಗಲಿಲ್ಲ. ಸಾಯಂಕಾಲ ದುಂಡಪ್ಪ ಸಾವಕಾರರು ಕಾರಿನಿಂದ ಇಳಿದವರೇ, "ಏನಿದು ಮನೀ ಮುಂದ ತಮಾಷಾ? ಹೊರಗ ಹಾಕ್ರಿ ಇವರನ್ನ," ಎಂದು ಆಳುಗಳಿಗೆ ಹೇಳಿದರು. ಹೊರಗೆ ಹಾಕಿಸಿಕೊಂಡೆವು. ಕಂಪನಿಗೆ ಮೂರು ಪತ್ರ ಬರೆದೆ, ಉತ್ತರ ಬರಲಿಲ್ಲ.

ನಾನು ಬ್ಯಾಂಡು ಬಿಟ್ಟೆ. ಶಬ್ಬೀರನೂ ಬಿಟ್ಟ, ಒಂದು ತಿಂಗಳು ನನ್ನ ಜೊತೆಗೂ ಮಾತು ಬಿಟ್ಟಿದ್ದ. ಬಾಳು ಮುಂಬಯಿಗೆ ಹೋಗಿ ಬೇರೆ ಹುಡುಗರನ್ನು ಕೂಡಿಸಿಕೊಂಡು ಅದೇ ಹೆಸರಿನಲ್ಲಿ ಇನ್ನೆರಡು ರೆಕಾರ್ಡು ತಂದ. ಅವು ನಡೆಯಲಿಲ್ಲ. ಮೊದಲನೆಯದನ್ನು ಮಾತ್ರ ಜನ ಹುಡುಕಿ ಹುಡುಕಿ ಕೇಳಿದರು.

ಮೂರು ವಾರ ನಾನು ಖಾನಾಪುರದ ಕಡೆ ಮುಖ ಹಾಕಲಿಲ್ಲ. ಕೊನೆಗೆ ಹೋದೆ. ಭೀಮಕ್ಕ ಒಳಗೆ ಕರೆಯಲಿಲ್ಲ, ಹೊಸ್ತಿಲ ಹೊರಗೆ ಕೂಡಿಸಿದಳು.

"ಕ್ಷಮಾ ಗಿಮಾ ನನ್ನ ಕಡೆ ಇಲ್ಲ. ನಲವತ್ತ ಹಾಡ ಅದಾವು. ಎಲ್ಲಾ ಕಲಿ. ಒಂದ ಸೊಲ್ಲ ತಪ್ಪಿದ್ರೂ ಮೊದಲಿಂದ."

ಹೊರಗೆ ಕೂತೇ ಹನ್ನೊಂದು ಹಾಡು ಕಲಿತೆ. ಹನ್ನೆರಡನೆಯದಕ್ಕೆ ಮಳೆ ಬಂತು, ಒಳಗೆ ಬಾ ಅಂದಳು. ಅವಳ ಸಿಟ್ಟು ಇಳಿಯಿತು ಅಂತಲ್ಲ. ಸಿಟ್ಟಿನಲ್ಲೇ ಕಲಿಸಿದಳು, ನಾನು ಸಿಟ್ಟಿನಲ್ಲೇ ಕಲಿತೆ. ಲಗ್ನವಾಯಿತು, ಮಕ್ಕಳಾದವು, ಮಗ್ಗ ಬದಲಾದವು. ನಲವತ್ತು ಮುಗಿಯಲು ಎಂಟು ವರ್ಷ ಹಿಡಿಯಿತು.

೧೯೮೫ರ ಶ್ರಾವಣದಲ್ಲಿ ಒಂದು ದಿನ ನಾವಿಬ್ಬರೂ ಹಾಡುತ್ತ ಕೂತಿದ್ದಾಗ ಬಾಗಿಲಲ್ಲಿ ಬಾಳಾಸಾಹೇಬ ನಿಂತಿದ್ದ. ಕೂದಲು ಕತ್ತರಿಸಿಕೊಂಡಿದ್ದ, ಹೊಟ್ಟೆ ಬಂದಿತ್ತು. ನಾನು ಎದ್ದು ನಿಂತೆ. ಒಂಬತ್ತು ವರ್ಷದ ಸಿಟ್ಟು ನನ್ನ ಮುಷ್ಟಿಗೆ ಬಂತು. ಭೀಮಕ್ಕ ನನ್ನ ಅಂಗಿ ಹಿಡಿದು ಜಗ್ಗಿದಳು.

"ಕುಂದರ. ಯಾಕ ಬಂದಾನ ಕೇಳೂಣು."

ಅವನು ನೆಲದ ಮೇಲೆ ಕೂತ. ಮುಂಬಯಿಯಲ್ಲಿ ಏನೂ ಕೈ ಹಿಡಿಯಲಿಲ್ಲ, ಮೊದಲಿನ ಆ ಸದ್ದು ಮತ್ತೆ ಬರಲೇ ಇಲ್ಲ ಅಂದ. ಇನ್ನೊಂದು ಹಾಡು ಕಲಿಸಬೇಕು, ಈ ಸಲ ಹೆಸರು ದೊಡ್ಡ ಅಕ್ಷರದಲ್ಲಿ ಹಾಕಿಸುತ್ತೇನೆ, ಆಣೆ ಮಾಡುತ್ತೇನೆ ಅಂದ.

ಭೀಮಕ್ಕ ಚೌಡಕಿಯನ್ನು ಮಡಿಲಿಗೆ ಎಳೆದುಕೊಂಡಳು. "ಆಣಿ ಬ್ಯಾಡ," ಅಂದಳು. "ಮೊದಲಿನ ಹಾಡಿನ ಕಡೀ ನುಡಿ ಹೇಳ. ಅಷ್ಟ ಸಾಕು."

ಅವನ ಮುಖ ಅರಳಿತು. ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಈಗಲೂ ಚಲೋ ಇದ್ದ ಆ ದನಿಯಲ್ಲಿ ಹಾಡಿದ:

ಖಾನಾಪುರದ ಭೀಮಿ ಕಟ್ಯಾಳ ಈ ಮಾತ

ಹಾಡಿ, ಮೆಚ್ಚುತ್ತಾಳೆ ಎಂದು ಆಕೆಯ ಮುಖ ನೋಡಿ ನಕ್ಕ.

ಸಿದ್ದಿ ಇರಬೇಕಾದ ಜಾಗದಲ್ಲಿ ಭೀಮಿ. ಭೀಮಕ್ಕ ಚೌಡಕಿಯನ್ನು ಮಡಿಲಿಂದ ತೆಗೆದು ಕೆಳಗಿಟ್ಟಳು.

"ಏಳ," ಅಂದಳು. ದನಿ ಏರಿಸಲಿಲ್ಲ. "ಹೊರಗ ನಡಿ."

ಅವನು ಏನೋ ಹೇಳಲು ಹೋದ. ನಾನು ಅವನ ರಟ್ಟೆ ಹಿಡಿದು ಹೊರಗೆ ತಂದೆ. ಓಣಿಯಲ್ಲಿ ಕೈ ಕೊಸರಿಕೊಂಡು ಅಂದ, "ಏನಾತಲೇ ಇಕೀಗೆ? ಇಕೀ ಹೆಸರ ಹಾಕಿದ್ನಲ್ಲ. ಇನ್ನೇನ ಬೇಕಂತ?"

ಅದನ್ನು ಬಿಡಿಸಿ ಹೇಳಲು ನನಗೆ ಒಂದು ನಿಮಿಷ ಸಾಕಿತ್ತು. ಹೇಳಲಿಲ್ಲ. ಬಸ್ ಸ್ಟ್ಯಾಂಡಿನ ದಾರಿಗೆ ಕೈ ಮಾಡಿ ತೋರಿಸಿ ಒಳಗೆ ಬಂದು ಕದ ಹಾಕಿದೆ.

ಭೀಮಕ್ಕ ಗೋಡೆಗೆ ಒರಗಿ ಕೂತಿದ್ದಳು. ನೀರು ಕೊಟ್ಟೆ, ಕುಡಿಯಲಿಲ್ಲ. ಹೊರಗೆ ಅವನು ಒಂದೆರಡು ಸಲ ಕದ ಬಡಿದ, ನನ್ನ ಹೆಸರು ಹಿಡಿದು ಕರೆದ. ಅವನ ಚಪ್ಪಲಿಯ ಸದ್ದು ಕೆಸರಿನಲ್ಲಿ ದೂರವಾಗುವ ತನಕ ಹಾಗೆಯೇ ಕೂತಿದ್ದೆವು.